ಪುಕ್ಕಟೆ ತಂತ್ರಾಂಶ: ಕಟ್ಟುವ ಕಷ್ಟ, ಕಲಿಯುವ ಸುಖ

ಗದಗ ಜಿಲ್ಲೆಯ ನರೇಗಲ್ ಎರೆಮಣ್ಣಿನ ಸೀಮೆ. ಬಿಳಿಜೋಳ, ಕಡಲೆ, ಹೆಸರು, ಉಳ್ಳಾಗಡ್ಡಿ ಇಲ್ಲಿನ ಬೆಳೆಗಳು. ರಾಷ್ಟ್ರಕೂಟರ ಕಾಲದ ದೊಡ್ಡ ಬಸದಿಯೊಂದು ಊರಿನ ಹೆಮ್ಮೆ. ಇಂಥ ಊರಿನ ಮನೆಗಳಿಗೂ ಈಗ ಲ್ಯಾಪ್‌ಟಾಪ್ ಬಂದಿದೆ. ಮಳೆ ಕೈಕೊಟ್ಟ ವರ್ಷವೂ ಮಗನ ಅಥವಾ ಮಗಳ ಓದಿಗೆಂದು ತಂದೆ ಹಣ ಹೊಂದಿಸಿ ಅದನ್ನು ತಂದಿರುತ್ತಾರೆ. ಯಂತ್ರಕ್ಕೆ ದುಡ್ಡು ಕೊಟ್ಟಾಯಿತು, ಇನ್ನು ತಂತ್ರಾಂಶಕ್ಕೂ ಕೊಡುವುದು ಬೇಡವೆಂದು ವಿದ್ಯಾರ್ಥಿ ಲಿನಕ್ಸ್ ಹಾಕಿಕೊಳ್ಳುತ್ತಾನೆ. ಅಲ್ಲಿಂದ ಒಂದು ಹೊಸ ಪಾಠ ಆರಂಭವಾಗುತ್ತದೆ.

ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಈಗ ಬಿ.ಸಿ.ಎ. ಓದುತ್ತಿರುವ ಹುಡುಗನೊಬ್ಬನನ್ನು ಊಹಿಸಿಕೊಳ್ಳಿ. ಹಳೆಯ ಕನ್ನಡ ಪುಸ್ತಕದ ಪುಟಗಳನ್ನು ಗಣಕವೇ ಓದಿ, ತಿದ್ದಲು ಬರುವಂಥ ಅಕ್ಷರಗಳನ್ನಾಗಿ ಮಾಡಿಕೊಡಬೇಕು. ಇದು ಅವನ ಪ್ರಾಜೆಕ್ಟ್. ಅದಕ್ಕೆ ‘ಟೆಸರಾಕ್ಟ್’ ಎಂಬ ಮುಕ್ತ ತಂತ್ರಾಂಶವಿದೆ. ಅದರ ಮೂಲವನ್ನೇ ತಂದು ತನ್ನ ಯಂತ್ರದಲ್ಲಿ ಕಟ್ಟಿಕೊಳ್ಳಲು ಕೂರುತ್ತಾನೆ. ನಾಲ್ಕು ಆಜ್ಞೆ ಬರೆಯುವಷ್ಟರಲ್ಲಿ ತೆರೆಯ ತುಂಬ ಇಂಗ್ಲಿಷ್ ಸಾಲುಗಳು ಓಡುತ್ತವೆ. ಕೊನೆಗೆ ‘ಎರರ್’ ಎಂದು ನಿಂತುಬಿಡುತ್ತದೆ. ಮತ್ತೆ ಮಾಡಿದರೂ ಅದೇ ಫಲ. ಮೂರನೆಯ ರಾತ್ರಿ ತಂದೆ ನೋಡಿ, “ರೊಕ್ಕಾ ಕೊಡದ ಸಿಕ್ಕದ್ದು ಹಿಂಗ ಇರತೈತಿ, ಬಿಡು ತಮ್ಮಾ” ಎನ್ನುತ್ತಾರೆ. ಹುಡುಗ ಮಾತಾಡುವುದಿಲ್ಲ. ಅವನು ಆಗಲೇ ಬೇರೊಂದು ತೀರ್ಮಾನಕ್ಕೆ ಬಂದಿದ್ದಾನೆ: ‘ಇದು ನನ್ನಂಥವರ ತಲೆಗೆ ಹತ್ತುವ ವಿದ್ಯೆಯಲ್ಲ.’

ಈ ಎರಡು ತೀರ್ಮಾನಗಳೂ ತಪ್ಪು. ಏಕೆ ತಪ್ಪು ಎಂಬುದನ್ನು ವಿದ್ಯಾರ್ಥಿಗಳಷ್ಟೇ ಅಲ್ಲ, ಪಾಲಕರೂ ತಿಳಿಯಬೇಕು.

ಜೋಳ ಮತ್ತು ರೊಟ್ಟಿ

ಅಂಗಡಿಯಲ್ಲಿ ಕೊಳ್ಳುವ ತಂತ್ರಾಂಶ ಬಡಿದು ಬೇಯಿಸಿದ ರೊಟ್ಟಿಯಂತೆ. ತಿನ್ನಬಹುದು. ಆದರೆ ಅದರಲ್ಲಿ ಉಪ್ಪು ಎಷ್ಟಿದೆ, ಹಿಟ್ಟು ಯಾವುದು ಎಂದು ಬಿಡಿಸಿ ನೋಡಲಾಗದು. ತಂತ್ರಾಂಶವನ್ನು ಬರೆದವರು ಮೊದಲು ಬರೆಯುವುದು ಮನುಷ್ಯರು ಓದಬಲ್ಲ ಸಾಲುಗಳಲ್ಲಿ. ಸಿ, ಸಿ ಪ್ಲಸ್ ಪ್ಲಸ್ ಮುಂತಾದ ಭಾಷೆಗಳಲ್ಲಿರುವ ಈ ಬರಹಕ್ಕೆ ‘ಸೋರ್ಸ್ ಕೋಡ್’ ಅಥವಾ ಮೂಲ ಸಂಕೇತ ಎಂದು ಹೆಸರು. ಗಣಕಕ್ಕೆ ಇದು ಅರ್ಥವಾಗದು. ಅದಕ್ಕೆ ತಿಳಿಯುವುದು ಸೊನ್ನೆ ಮತ್ತು ಒಂದು ಮಾತ್ರ. ಮನುಷ್ಯರ ಬರಹವನ್ನು ಯಂತ್ರದ ಭಾಷೆಗೆ ತಿರುಗಿಸುವ ಕೆಲಸಕ್ಕೆ ‘ಕಂಪೈಲ್’ ಮಾಡುವುದು ಎನ್ನುತ್ತಾರೆ. ತಿರುಗಿಸುವ ತಂತ್ರಾಂಶವೇ ಕಂಪೈಲರ್. ಅಮೆರಿಕದ ಗ್ರೇಸ್ ಹಾಪರ್ ಎಂಬ ಮಹಿಳೆ 1952ರಲ್ಲಿ ರೂಪಿಸಿದ ‘ಎ-0’ ಈ ಬಗೆಯ ಮೊದಲ ಪ್ರಯತ್ನಗಳಲ್ಲಿ ಒಂದು.

ಮುಕ್ತ ತಂತ್ರಾಂಶದಲ್ಲಿ ರೊಟ್ಟಿಯ ಜೊತೆಗೆ ಜೋಳವನ್ನೂ ಕೊಡುತ್ತಾರೆ. ಬೇಕಾದವರು ಬೀಸಿ, ನಾದಿ, ತಮ್ಮ ಮನೆಯ ಹಂಚಿನ ಅಳತೆಗೆ ಬಡಿದುಕೊಳ್ಳಬಹುದು. ರುಚಿ ಬದಲಿಸಬಹುದು. ಬದಲಿಸಿದ್ದನ್ನು ನೆರೆಯವರಿಗೂ ಹಂಚಬಹುದು. ರೊಟ್ಟಿ ಬಡಿಯಲು ಕಲಿಯುವಾಗ ಮೊದಲ ದಿನವೇ ದುಂಡಗೆ ಬರುವುದಿಲ್ಲ ಎಂಬುದು ಪ್ರತಿ ಮನೆಗೂ ಗೊತ್ತಿರುವ ಸಂಗತಿ. ಕಂಪೈಲ್ ಮಾಡುವಾಗ ಮಾತ್ರ ಮೊದಲ ದಿನವೇ ಸರಿಯಾಗಬೇಕೆಂದು ಬಯಸುವುದು ಯಾವ ನ್ಯಾಯ?

ಮುದ್ರಣ ಯಂತ್ರದಿಂದ ಹುಟ್ಟಿದ ಚಳವಳಿ

ಅಮೆರಿಕದ ಎಂ.ಐ.ಟಿ. ಸಂಸ್ಥೆಯ ಪ್ರಯೋಗಾಲಯದಲ್ಲಿ ರಿಚರ್ಡ್ ಸ್ಟಾಲ್‌ಮನ್ ಎಂಬ ಗಣಕ ತಜ್ಞ ಕೆಲಸಕ್ಕಿದ್ದ. ಅಲ್ಲಿಗೆ ಬಂದ ಹೊಸ ಮುದ್ರಣ ಯಂತ್ರದಲ್ಲಿ ಮೇಲಿಂದ ಮೇಲೆ ಕಾಗದ ಸಿಕ್ಕಿಕೊಳ್ಳುತ್ತಿತ್ತು. ಸಿಕ್ಕಿಕೊಂಡಾಗ ಸುದ್ದಿ ಕೊಡುವಂತೆ ಅದರ ತಂತ್ರಾಂಶವನ್ನು ತಿದ್ದಲು ಅವನು ಸಿದ್ಧನಿದ್ದ. ಆದರೆ ಮೂಲ ಸಂಕೇತವನ್ನು ಯಾರೂ ಕೊಡಲಿಲ್ಲ. ಈ ಬಗೆಯ ಬೇಲಿಯನ್ನು ಒಪ್ಪದ ಸ್ಟಾಲ್‌ಮನ್ 1983ರ ಸೆಪ್ಟೆಂಬರ್‌ನಲ್ಲಿ ‘ಗ್ನೂ’ ಯೋಜನೆಯನ್ನು ಘೋಷಿಸಿದ. 1987ರಲ್ಲಿ ಅವನ ‘ಜಿ.ಸಿ.ಸಿ.’ ಕಂಪೈಲರ್ ಹೊರಬಂತು. 1991ರಲ್ಲಿ ಫಿನ್‌ಲ್ಯಾಂಡಿನ ಹೆಲ್ಸಿಂಕಿ ವಿಶ್ವವಿದ್ಯಾಲಯದ 21 ವರ್ಷದ ವಿದ್ಯಾರ್ಥಿ ಲೀನಸ್ ಟೊರ್ವಾಲ್ಡ್ಸ್, ಇದೇ ಕಂಪೈಲರ್ ಬಳಸಿ ಲಿನಕ್ಸ್ ತಿರುಳನ್ನು ಕಟ್ಟಿದ. ಅದರ ಮೊದಲ ಆವೃತ್ತಿ ಸುಮಾರು 10 ಸಾವಿರ ಸಾಲುಗಳದ್ದು. ಅದು ಬೆಳೆದದ್ದು ಸಾವಿರಾರು ಜನರು ಕೂಡಿಸಿದ ಸಾಲುಗಳಿಂದ.

ಗದಗ ಸೀಮೆಯ ಜನರಿಗೆ ಈ ವಿಚಾರ ಹೊಸದೇನಲ್ಲ. 1905ರಲ್ಲಿ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. ಭಾರತದ ಸಹಕಾರ ಚಳವಳಿ ಮೊಳಕೆಯೊಡೆದದ್ದು ಅಲ್ಲಿ. ಒಬ್ಬೊಬ್ಬರಿಂದ ಆಗದ್ದು ಹಲವರು ಸ್ವಲ್ಪ ಸ್ವಲ್ಪ ಕೂಡಿಸಿದರೆ ಆಗುತ್ತದೆ ಎಂಬುದು ಎರಡರ ತಿರುಳೂ ಹೌದು. ಸಂಘದಲ್ಲಿ ಕೂಡಿದ್ದು ಹಣ, ಇಲ್ಲಿ ಕೂಡುವುದು ವಿದ್ಯೆ. ಹಾಗಾಗಿ ‘ಪುಕ್ಕಟೆ’ ಎಂದರೆ ಕೀಳು ಮಾಲು ಎಂದು ತಿಳಿಯಬೇಕಾಗಿಲ್ಲ.

ಮೂರು ಮೆಟ್ಟಿಲು

ಮೂಲದಿಂದ ತಂತ್ರಾಂಶ ಕಟ್ಟುವ ಹಳೆಯ ಪದ್ಧತಿಯಲ್ಲಿ ಮೂರು ಮೆಟ್ಟಿಲುಗಳಿವೆ. ಮೊದಲನೆಯದು ‘ಕಾನ್ಫಿಗರ್’. ಇದು ಅಡುಗೆಗೆ ಮೊದಲು ಡಬ್ಬಿಗಳನ್ನು ತೆರೆದು ನೋಡಿದಂತೆ. ಕಂಪೈಲರ್ ಇದೆಯೇ, ಬೇಕಾದ ಲೈಬ್ರರಿಗಳಿವೆಯೇ ಎಂದು ಇದು ಒಂದೊಂದಾಗಿ ತಪಾಸಣೆ ಮಾಡುತ್ತದೆ. ಎರಡನೆಯದು ‘ಮೇಕ್’. ನೂರಾರು ಕಡತಗಳನ್ನು ಕ್ರಮವಾಗಿ ಕಂಪೈಲ್ ಮಾಡಿಸಿ ಜೋಡಿಸುವುದು ಇದರ ಕೆಲಸ. ಮೂರನೆಯದು ‘ಮೇಕ್ ಇನ್‌ಸ್ಟಾಲ್’. ಸಿದ್ಧವಾದದ್ದನ್ನು ಯಂತ್ರದಲ್ಲಿ ತಕ್ಕ ಜಾಗಕ್ಕೆ ಇಡುತ್ತದೆ.

ಈ ‘ಮೇಕ್’ ಹುಟ್ಟಿದ ಕಥೆ ಎಡವುವ ವಿದ್ಯಾರ್ಥಿಗೆ ಧೈರ್ಯ ಕೊಡುವಂಥದ್ದು. 1976ರಲ್ಲಿ ಬೆಲ್ ಪ್ರಯೋಗಾಲಯದಲ್ಲಿ ಸ್ಟುವರ್ಟ್ ಫೆಲ್ಡ್‌ಮನ್ ಇದನ್ನು ಬರೆದ. ಅದಕ್ಕೆ ಕಾರಣ ಸ್ಟೀವ್ ಜಾನ್ಸನ್ ಎಂಬ ನುರಿತ ಸಹೋದ್ಯೋಗಿ. ಜಾನ್ಸನ್ ತನ್ನ ಪ್ರೋಗ್ರಾಮಿನ ತಪ್ಪನ್ನು ಆಗಲೇ ತಿದ್ದಿದ್ದ, ಆದರೆ ತಿದ್ದಿದ ಕಡತವನ್ನು ಮತ್ತೆ ಕಂಪೈಲ್ ಮಾಡಿರಲಿಲ್ಲ. ಇಲ್ಲದ ತಪ್ಪನ್ನು ಹುಡುಕುತ್ತ ಇಡೀ ಬೆಳಗನ್ನು ಕಳೆದು, ಸಿಡಿಮಿಡಿಗೊಂಡು ಫೆಲ್ಡ್‌ಮನ್ ಕೋಣೆಗೆ ಬಂದಿದ್ದ. ಯಾವ ಕಡತ ಬದಲಾಗಿದೆ, ಯಾವುದನ್ನು ಮತ್ತೆ ಕಟ್ಟಬೇಕು ಎಂಬುದನ್ನು ಯಂತ್ರವೇ ನೋಡಿಕೊಳ್ಳಲಿ ಎಂಬ ಯೋಚನೆ ಅಲ್ಲಿ ಹೊಳೆಯಿತು. ಪಂಡಿತರೂ ಎಡವಿದ ದಾರಿ ಇದು.

ಎಡವುವ ನಾಲ್ಕು ಜಾಗ

ಈಗ ನಮ್ಮ ಹುಡುಗನ ಟೆಸರಾಕ್ಟ್‌ಗೆ ಬರೋಣ. ಇದು ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿರುವ ಹ್ಯೂಲೆಟ್-ಪ್ಯಾಕರ್ಡ್ ಪ್ರಯೋಗಾಲಯದಲ್ಲಿ 1984ರಿಂದ 1994ರವರೆಗೆ ಬೆಳೆದ ತಂತ್ರಾಂಶ. 2005ರಲ್ಲಿ ಅದರ ಮೂಲವನ್ನು ಎಲ್ಲರಿಗೂ ಬಿಟ್ಟುಕೊಡಲಾಯಿತು. 2018ರಲ್ಲಿ ಬಂದ ನಾಲ್ಕನೆಯ ಆವೃತ್ತಿ, ಮಿದುಳಿನ ನರಜಾಲವನ್ನು ಹೋಲುವ ಲೆಕ್ಕಾಚಾರದಿಂದ ಅಕ್ಷರ ಗುರುತಿಸುತ್ತದೆ. ಗುಣಿತ, ಒತ್ತಕ್ಷರಗಳು ಮೇಲೆ ಕೆಳಗೆ ಕೂಡಿಕೊಳ್ಳುವ ಕನ್ನಡವನ್ನು ಓದಲೂ ಇದಕ್ಕೆ ಕಲಿಸಲಾಗಿದೆ.

ಇದನ್ನು ಕಟ್ಟಲು ಹೊರಟ ಹೊಸಬ ಸಾಮಾನ್ಯವಾಗಿ ನಾಲ್ಕು ಕಡೆ ಎಡವುತ್ತಾನೆ.

ಮೊದಲನೆಯದು, ಕಂಪೈಲರೇ ಇಲ್ಲದಿರುವುದು. ಎಲ್ಲ ಲಿನಕ್ಸ್ ಯಂತ್ರಗಳಲ್ಲೂ ಅದು ಮೊದಲೇ ಇರುವುದಿಲ್ಲ. ಉಬುಂಟು, ಡೆಬಿಯನ್‌ಗಳಲ್ಲಿ ‘ಬಿಲ್ಡ್-ಎಸೆನ್ಷಿಯಲ್’ ಎಂಬ ಕಟ್ಟನ್ನು ಹಾಕಿಕೊಂಡರೆ ಈ ತೊಡಕು ತೀರುತ್ತದೆ. ಆಟೋಕಾನ್ಫ್, ಆಟೋಮೇಕ್ ಮುಂತಾದ ಸಣ್ಣ ಸಲಕರಣೆಗಳೂ ಬೇಕಾಗುತ್ತವೆ.

ಎರಡನೆಯದೇ ಹೊಸಬರನ್ನು ಹೆಚ್ಚು ಕಾಡುವುದು. ಚಿತ್ರಗಳನ್ನು ಸಂಭಾಳಿಸಲು ಟೆಸರಾಕ್ಟ್‌ಗೆ ‘ಲೆಪ್ಟೋನಿಕಾ’ ಎಂಬ ಲೈಬ್ರರಿ ಬೇಕು. ಹುಡುಗ ಹುಡುಕಿ ನೋಡುತ್ತಾನೆ. ಅದು ಯಂತ್ರದಲ್ಲಿ ಇದೆ! ಆದರೂ ಕಾನ್ಫಿಗರ್ ‘ಲೆಪ್ಟೋನಿಕಾ ಬೇಕು’ ಎಂದು ಹಟ ಹಿಡಿಯುತ್ತದೆ. ಇದಕ್ಕೆ ಉತ್ತರ ಹೊಲದಲ್ಲಿದೆ. ಕೂರಿಗೆಯಿಂದ ಬಿತ್ತಿದ ಹೊಲದಲ್ಲಿ ಎಡೆ ಹೊಡೆಯಬೇಕಾದರೆ ಸಾಲಿನಿಂದ ಸಾಲಿಗೆ ಎಷ್ಟು ಅಂತರವೆಂದು ತಿಳಿದಿರಬೇಕು. ಅಳತೆ ಗೊತ್ತಿಲ್ಲದೆ ಎಡೆಕುಂಟಿ ಹೂಡಿದರೆ ಬೆಳೆಯೇ ಕಿತ್ತುಬರುತ್ತದೆ. ಲೈಬ್ರರಿಯೂ ಹಾಗೆ. ಅದು ಕೆಲಸ ಮಾಡಲು ಬೇಕಾದ ಭಾಗ ಒಂದು. ಅದರೊಡನೆ ಬೇರೆ ತಂತ್ರಾಂಶ ಹೊಂದಿಕೊಳ್ಳಲು ಬೇಕಾದ ಅಳತೆಯ ಪಟ್ಟಿ ಇನ್ನೊಂದು. ಈ ಪಟ್ಟಿಗೆ ‘ಹೆಡರ್’ ಎನ್ನುತ್ತಾರೆ. ಡೆಬಿಯನ್, ಉಬುಂಟುಗಳಲ್ಲಿ ಇವೆರಡನ್ನೂ ಬೇರೆ ಬೇರೆ ಕಟ್ಟುಗಳಾಗಿ ಇಡುತ್ತಾರೆ. ಹೆಡರ್ ಇರುವ ಕಟ್ಟಿನ ಹೆಸರಿನ ಕೊನೆಗೆ ‘ಡೆವ್’ ಎಂದಿರುತ್ತದೆ. ‘ಲಿಬ್‌ಲೆಪ್ಟೋನಿಕಾ-ಡೆವ್’ ಹಾಕಿದ ಕೂಡಲೇ ಹಟ ಇಳಿಯುತ್ತದೆ. ಈ ಒಂದು ಗುಟ್ಟು ತಿಳಿದರೆ ಕಂಪೈಲ್ ಮಾಡುವಾಗಿನ ಎಷ್ಟೋ ತೊಡಕುಗಳು ಬಿಡಿಸಿಕೊಳ್ಳುತ್ತವೆ.

ಮೂರನೆಯದು, ಎಲ್ಲ ಸರಿಯಾಗಿ ಮುಗಿದ ಮೇಲೂ ತಂತ್ರಾಂಶ ಏಳದಿರುವುದು. ‘ಹಂಚಿಕೆಯ ಲೈಬ್ರರಿ ಸಿಗಲಿಲ್ಲ’ ಎಂಬ ಸಂದೇಶ ಬರುತ್ತದೆ. ಯಾವ ಲೈಬ್ರರಿ ಎಲ್ಲಿದೆ ಎಂಬ ಪಟ್ಟಿಯೊಂದನ್ನು ಲಿನಕ್ಸ್ ಇಟ್ಟುಕೊಂಡಿರುತ್ತದೆ. ಹೊಸದಾಗಿ ಸೇರಿದ್ದು ಆ ಪಟ್ಟಿಗೆ ಇನ್ನೂ ಏರಿಲ್ಲ, ಅಷ್ಟೆ. ‘ಎಲ್‌ಡಿಕಾನ್ಫಿಗ್’ ಎಂಬ ಆಜ್ಞೆ ಕೊಟ್ಟರೆ ಪಟ್ಟಿ ಹೊಸದಾಗುತ್ತದೆ.

ನಾಲ್ಕನೆಯದು, ತಂತ್ರಾಂಶ ಎದ್ದರೂ ‘ಕನ್ನಡ ಭಾಷೆ ಸಿಗಲಿಲ್ಲ’ ಎನ್ನುವುದು. ಟೆಸರಾಕ್ಟ್ ಕಟ್ಟಿದರೆ ಓದುವ ಯಂತ್ರ ಸಿಕ್ಕಿತು. ಕನ್ನಡದ ಅಕ್ಷರಜ್ಞಾನ ಬೇರೆ ಕಡತದಲ್ಲಿದೆ. ‘ಕನ್’ ಎಂದು ಆರಂಭವಾಗುವ ಹೆಸರಿನ ಆ ತರಬೇತಿ ಕಡತವನ್ನು ತಂದು ‘ಟೆಸ್‌ಡೇಟಾ’ ಎಂಬ ಕೋಶದಲ್ಲಿಡಬೇಕು. ಆಮೇಲೆ ಹಳೆಯ ಪುಟದ ಚಿತ್ರವನ್ನು ಕೊಟ್ಟರೆ, ತೆರೆಯ ಮೇಲೆ ಕನ್ನಡದ ಸಾಲುಗಳು ಮೂಡುತ್ತವೆ. ಒತ್ತಕ್ಷರಗಳಲ್ಲಿ ಅಲ್ಲಲ್ಲಿ ತಪ್ಪು ಇದ್ದೇ ಇರುತ್ತದೆ. ಆದರೆ ಮೂಲ ಕೈಯಲ್ಲಿದೆ, ತಿದ್ದುವ ಹಕ್ಕೂ ಇದೆ.

ತಪ್ಪು ಸಂದೇಶ ಓದುವ ಕ್ರಮ

ಈ ನಾಲ್ಕು ಕಡೆಯೂ ಯಂತ್ರ ಬೈದಿಲ್ಲ, ಏನು ಬೇಕೆಂದು ಕೇಳಿದೆ. ಕೇಳಿದ್ದು ಇಂಗ್ಲಿಷಿನಲ್ಲಿ ಎಂಬುದೇ ಕನ್ನಡ ಮಾಧ್ಯಮದ ಮಕ್ಕಳಿಗೆ ತೊಡಕು. ಆದರೆ ಇದು ಕಾವ್ಯದ ಇಂಗ್ಲಿಷ್ ಅಲ್ಲ. ‘ಸಿಗಲಿಲ್ಲ’, ‘ಬೇಕು’, ‘ಅನುಮತಿ ಇಲ್ಲ’, ‘ಅಂಥ ಕಡತವಿಲ್ಲ’ ಎಂಬ ಅರ್ಥದ ಹತ್ತಿಪ್ಪತ್ತು ಮಾತುಗಳೇ ಮತ್ತೆ ಮತ್ತೆ ಬರುತ್ತವೆ. ಅವನ್ನು ಒಂದು ನೋಟ್‌ಬುಕ್‌ನಲ್ಲಿ ಕನ್ನಡದ ಅರ್ಥದೊಡನೆ ಬರೆದಿಟ್ಟುಕೊಂಡರೆ ವಾರದೊಳಗೆ ಭಯ ಹೋಗುತ್ತದೆ.

ಓದುವಾಗ ಒಂದು ನಿಯಮ ನೆನಪಿರಲಿ. ‘ಮೇಕ್’ ನಿಂತಾಗ ಕೊನೆಯ ಸಾಲು ‘ಕೆಲಸ ಕೆಟ್ಟಿತು’ ಎಂದಷ್ಟೇ ಹೇಳುತ್ತದೆ. ನಿಜವಾದ ಕಾರಣ ಮೇಲೆ, ಮೊದಲು ಕಾಣಿಸಿದ ತಪ್ಪಿನಲ್ಲಿರುತ್ತದೆ. ಮೊದಲನೆಯದನ್ನು ಸರಿಪಡಿಸಿದರೆ ಅದರ ಹಿಂದೆ ಬಂದ ಹತ್ತು ತಪ್ಪುಗಳು ತಾವಾಗಿ ಮಾಯವಾಗಬಹುದು. ಕಾನ್ಫಿಗರ್ ಮೆಟ್ಟಿಲಲ್ಲಿ ನಿಂತರೆ ‘ಕಾನ್ಫಿಗ್ ಲಾಗ್’ ಎಂಬ ಕಡತದಲ್ಲಿ ವಿವರ ಸಿಗುತ್ತದೆ. ಇನ್ನೊಂದು ನಿಯಮ ಪ್ರಯೋಗಶಾಲೆಯದೇ: ಒಮ್ಮೆಗೆ ಒಂದನ್ನೇ ಬದಲಿಸಿ, ಫಲ ನೋಡಿ, ಬರೆದಿಡಿ. ಐದಾರು ಬದಲಾವಣೆ ಒಟ್ಟಿಗೆ ಮಾಡಿದರೆ ಯಾವುದರಿಂದ ಸರಿಯಾಯಿತು ಎಂಬುದು ಎಂದಿಗೂ ತಿಳಿಯದು. ಮೂಲದ ಜೊತೆ ಬರುವ ‘ರೀಡ್‌ಮಿ’ ಮತ್ತು ‘ಇನ್‌ಸ್ಟಾಲ್’ ಕಡತಗಳನ್ನು ಮೊದಲು ಓದುವುದು ಎಲ್ಲಕ್ಕಿಂತ ಒಳ್ಳೆಯದು.

ಎಚ್ಚರಿಕೆಯೂ ಬೇಕು. ಮೂಲವನ್ನು ಆ ಯೋಜನೆಯ ಅಧಿಕೃತ ತಾಣದಿಂದಲೇ ತರಬೇಕು. ಯಂತ್ರದ ಒಡೆತನದ ಅಧಿಕಾರ ಕೊಡುವ ‘ಸುಡೊ’ ಪದವನ್ನು ಅರ್ಥ ತಿಳಿಯದೆ ಬಳಸಬಾರದು. ದಿನದ ಬಳಕೆಗೆ ಸಿದ್ಧ ಕಟ್ಟುಗಳು ಇದ್ದೇ ಇವೆ. ಎಲ್ಲವನ್ನೂ ಮೂಲದಿಂದ ಕಟ್ಟಬೇಕಾಗಿಲ್ಲ. ತಂತ್ರಾಂಶವನ್ನು ತಿದ್ದಬೇಕಾದವರು, ಹೊಸ ಆವೃತ್ತಿ ಬೇಕಾದವರು, ಕಲಿಯಬೇಕೆನ್ನುವವರು ಕಟ್ಟಲಿ.

ಪಾಲಕರು ಮಾಡಬಹುದಾದದ್ದು

ಕೇರಳದ ಸರ್ಕಾರಿ ಮತ್ತು ಅನುದಾನಿತ ಶಾಲೆಗಳಲ್ಲಿ ಮುಕ್ತ ತಂತ್ರಾಂಶವನ್ನೇ ಕಲಿಸುತ್ತಾರೆ. ಗಡಿನಾಡು ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಲಿನಕ್ಸ್ ಮುಂದೆ ಕುಳಿತೇ ಗಣಕ ಕಲಿಯುತ್ತಾರೆ. ನರೇಗಲ್, ರೋಣ, ನರಗುಂದದ ಮಕ್ಕಳಿಗೂ ಇದು ಸಾಧ್ಯ. ಅದಕ್ಕೆ ಬೇಕಾದ ಮೊದಲ ಬಂಡವಾಳ ತಾಳ್ಮೆ. ಮಕ್ಕಳದ್ದಷ್ಟೇ ಅಲ್ಲ, ಮನೆಯವರದ್ದೂ.

ಮಗ ಮೂರು ರಾತ್ರಿ ಒಂದೇ ತೆರೆಯನ್ನು ನೋಡುತ್ತ ಕೂತರೆ ಕಾಲ ಹಾಳಾಯಿತೆಂದು ಎಣಿಸಬೇಡಿ. ‘ಆಯಿತೇ?’ ಎಂದು ಕೇಳುವ ಬದಲು ‘ಇವತ್ತು ಅದು ಏನು ಕೇಳಿತು?’ ಎಂದು ಕೇಳಿ. ಉತ್ತರ ಹೇಳಲು ಹೊರಟಾಗ ಮಗನೇ ತನ್ನ ತಪ್ಪನ್ನು ಕಾಣುವುದುಂಟು. ಮಗಳು ಕೂತಿದ್ದರೂ ಇದೇ ಮಾತು. ಬಿತ್ತಿದ ಮರುದಿನವೇ ಕಡಲೆ ಮೊಳೆಯಲಿಲ್ಲವೆಂದು ಯಾವ ರೈತನೂ ಹೊಲವನ್ನು ಕೆದಕಿ ನೋಡುವುದಿಲ್ಲ.