ತಪ್ಪು ಎಣ್ಣೆಯದು, ಬೈಗುಳ ಮೆಣಸಿನಕಾಯಿಗೆ

ಸಂಜೆ ಏಳೂವರೆ ಕಳೆಯಿತೆಂದರೆ ಗುಂಡ್ಲುಪೇಟೆಯ ಹೆದ್ದಾರಿ ಹೋಟೆಲುಗಳಲ್ಲಿ ಒಂದು ಬಗೆಯ ಧಾವಂತ ಶುರುವಾಗುತ್ತದೆ. ಬಂಡೀಪುರದ ಕಾಡು ಹಾಯುವ ರಸ್ತೆಗಳಲ್ಲಿ 2009ರಿಂದ ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ವಾಹನ ಸಂಚಾರಕ್ಕೆ ನಿಷೇಧ. ವಯನಾಡಿಗೆ ಹೋಗುವವರು ಮದ್ದೂರು ಚೆಕ್‌ಪೋಸ್ಟನ್ನೂ ಊಟಿಗೆ ಹೋಗುವವರು ಮೇಲುಕಾಮನಹಳ್ಳಿಯ ಗೇಟನ್ನೂ ಅಷ್ಟರೊಳಗೆ ದಾಟಬೇಕು. ಹಾಗಾಗಿ ಬಟರ್ ನಾನ್, ಪನೀರ್ ಬಟರ್ ಮಸಾಲ, ಚಿಕನ್ ಕರ್ರಿಗಳನ್ನು ಗಬಗಬನೆ ಮುಗಿಸಿ, ಕೈ ತೊಳೆದು ಸೀದಾ ಕಾರು ಹತ್ತುತ್ತಾರೆ. ವಯನಾಡು ದಾರಿಯ ಮೂಲೆಹೊಳೆ ಬರುವ ಹೊತ್ತಿಗೆ ಎದೆಯುರಿ, ಹುಳಿತೇಗು. ‘ಸಿಕ್ಕಾಪಟ್ಟೆ ಖಾರ ಹಾಕವ್ರೆ ಕಣಪ್ಪ’ ಎಂಬ ತೀರ್ಪು ಕಾರಿನಲ್ಲೇ ಹೊರಬೀಳುತ್ತದೆ.

ಈ ತೀರ್ಪು ಅದೇ ತಾಲ್ಲೂಕಿನ ಯಾವ ಮನೆಯ ಅಡುಗೆಕೋಣೆಯಲ್ಲೂ ನಿಲ್ಲುವುದಿಲ್ಲ. ಉಪ್ಸಾರನ್ನೇ ನೋಡಿ. ಸೊಪ್ಪು, ಕಾಳು ಬೇಯಿಸಿ, ಬಸಿದ ಕಟ್ಟಿಗೆ ಉಪ್ಪು ಹಾಕಿದರೆ ಸಾರು ಆಯಿತು. ಮೆಣಸಿನಕಾಯಿ, ಬೆಳ್ಳುಳ್ಳಿ, ಜೀರಿಗೆ, ಹುಣಸೆಹಣ್ಣು ಸೇರಿಸಿ ನುಣ್ಣಗೆ ಅರೆದ ಖಾರವನ್ನು ಬೇರೆ ಬಟ್ಟಲಲ್ಲಿಡುತ್ತಾರೆ. ಅದನ್ನು ಬೆರಳಲ್ಲಿ ತೆಗೆದು ಸಾರಿಗೆ ಕಲಸಿಕೊಂಡು ಮುದ್ದೆ ನುಂಗಿದವರ ಕಣ್ಣಲ್ಲಿ ನೀರು ಬರುತ್ತದೆ. ಹೋಟೆಲಿನ ಯಾವ ಗ್ರೇವಿಯೂ ಅಷ್ಟು ಖಾರ ಇರುವುದಿಲ್ಲ. ಆದರೂ ಉಂಡವರು ಎದ್ದು ಅರಿಸಿನದ ಹೊಲಕ್ಕೆ ಹೋಗಿ ಬಗ್ಗಿ ಕಳೆ ಕೀಳುತ್ತಾರೆ.

ಮೆಣಸಿನಕಾಯಿಯ ಕ್ಯಾಪ್ಸೈಸಿನ್ ಮಾಡುವುದು ನರಗಳಿಗೆ ಸುಳ್ಳು ಹೇಳುವ ಕೆಲಸ. ನರದ ತುದಿಯಲ್ಲಿ ಟಿಆರ್‌ಪಿವಿ1 ಎಂಬ ಗ್ರಾಹಕ ಪ್ರೋಟೀನ್ ಇದೆ. ಸುಮಾರು 43 ಡಿಗ್ರಿ ಮೀರಿದ ಬಿಸಿ ತಾಗಿದರೆ ಅದು ‘ಸುಡುತ್ತಿದೆ’ ಎಂದು ಮಿದುಳಿಗೆ ವರದಿ ಕಳಿಸುತ್ತದೆ. ಕ್ಯಾಪ್ಸೈಸಿನ್ ಅಂಟಿದರೂ ಅದೇ ವರದಿ. ಡೇವಿಡ್ ಜೂಲಿಯಸ್ ತಂಡ ಇದನ್ನು 1997ರಲ್ಲಿ ಪತ್ತೆಮಾಡಿತು, 2021ರಲ್ಲಿ ಅವರಿಗೆ ನೊಬೆಲ್ ಬಂತು. ಅನ್ನನಾಳದಲ್ಲೂ ಹೊಟ್ಟೆಯಲ್ಲೂ ಈ ನರಗಳಿರುವುದರಿಂದ ಹೊಟ್ಟೆ ಮೊದಲೇ ಸೂಕ್ಷ್ಮವಾಗಿರುವವರಿಗೆ ಖಾರ ನಿಜಕ್ಕೂ ತೊಂದರೆ ಕೊಡುತ್ತದೆ. ದಿನಾ ತಿನ್ನುವವರಲ್ಲಿ ಅವೇ ನರಗಳು ಮರಗಟ್ಟಿ ಸುಮ್ಮನಾಗುತ್ತವೆ.

ಹೋಟೆಲಿನ ಬಟ್ಟಲಲ್ಲಿ ಇದ್ದು ಉಪ್ಸಾರಿನಲ್ಲಿ ಇಲ್ಲದಿರುವುದು ಎಣ್ಣೆ, ಬೆಣ್ಣೆ, ಕೆನೆ, ಗೋಡಂಬಿ, ಒಟ್ಟಿನಲ್ಲಿ ಜಿಡ್ಡು. ಅಡುಗೆ ಭಟ್ಟರು ಅದನ್ನು ಸುಮ್ಮನೆ ಸುರಿಯುವುದಿಲ್ಲ. ಕ್ಯಾಪ್ಸೈಸಿನ್, ಅರಿಸಿನದ ಕುರ್ಕುಮಿನ್, ಮಸಾಲೆಯ ಘಮದ ಬಹುಪಾಲು ಅಂಶಗಳು ನೀರಿಗಿಂತ ಎಣ್ಣೆಯಲ್ಲಿ ಚೆನ್ನಾಗಿ ಕರಗುತ್ತವೆ. ಈರುಳ್ಳಿ, ಟೊಮೆಟೊ ‘ಎಣ್ಣೆ ಬಿಡುವ’ ತನಕ ಬಾಡಿಸಿದರೇ ಬಣ್ಣ, ರುಚಿ. ಮೇಲೆ ಕೆಂಪಗೆ ತೇಲುವ ಎಣ್ಣೆ ಕಂಡರೆ ಗಿರಾಕಿಗೂ ಸಮಾಧಾನ.

ಆ ಎಣ್ಣೆಗೆ ನಮ್ಮ ಜಠರದ ಕೆಳಬಾಗಿಲಲ್ಲಿ ಒಂದು ಚೆಕ್‌ಪೋಸ್ಟ್ ಇದೆ. ಊಟದ ಮೊದಲ ತುಣುಕು ಜಿಡ್ಡು ಸಣ್ಣ ಕರುಳಿನ ಆರಂಭಕ್ಕೆ ಇಳಿದ ಕೂಡಲೇ ಅಲ್ಲಿನ ಕೋಶಗಳು ಕೋಲಿಸಿಸ್ಟೋಕೈನಿನ್ ಎಂಬ ಹಾರ್ಮೋನು ಬಿಡುತ್ತವೆ. ಪಿತ್ತಕೋಶ ಹಿಂಡಿಕೊಂಡು ಪಿತ್ತರಸ ಸುರಿಸುತ್ತದೆ. ಜಠರದ ಕೆಳಗಿನ ಪೈಲೋರಸ್ ಸ್ನಾಯು ಬಿಗಿಯುತ್ತದೆ, ಜಠರದ ಕಡೆಯುವ ಅಲೆಗಳು ತಗ್ಗುತ್ತವೆ. ಜಿಡ್ಡನ್ನು ಒಡೆಯಲು ಕರುಳಿಗೆ ಪುರುಸೊತ್ತು ಬೇಕಲ್ಲ, ಅದಕ್ಕೆ ಈ ತಡೆ. ಕರುಳು ಲೆಕ್ಕ ಹಿಡಿಯುವುದು ಹೆಚ್ಚಾಗಿ ಕ್ಯಾಲೊರಿಯಲ್ಲಿ. ಸರಾಸರಿ ನಿಮಿಷಕ್ಕೆ ಎರಡು ಮೂರು ಕ್ಯಾಲೊರಿಯಷ್ಟನ್ನು ಮಾತ್ರ ಜಠರ ಕೆಳಗೆ ಬಿಡುತ್ತದೆ. ಒಂದು ದೊಡ್ಡ ಚಮಚ ಎಣ್ಣೆ ಎಂದರೆ ಸುಮಾರು 120 ಕ್ಯಾಲೊರಿ. ಅದೊಂದೇ ಮುಕ್ಕಾಲು ಗಂಟೆ ತಿನ್ನುತ್ತದೆ. ಮೂರು ಚಮಚ ಜಿಡ್ಡಿನ ಗ್ರೇವಿ, ಎರಡು ಬಟರ್ ನಾನ್ ಸೇರಿ 900 ಕ್ಯಾಲೊರಿ ಮುಟ್ಟಿದರೆ ಐದಾರು ಗಂಟೆ. ನೂರು ಗ್ರಾಂ ರಾಗಿಹಿಟ್ಟಿನ ಮುದ್ದೆ, ಉಪ್ಸಾರು ಸೇರಿ ಅದರ ಅರ್ಧವೂ ಆಗದು. ರಾತ್ರಿ ಎಂಟಕ್ಕೆ ತಿಂದ ಕರ್ರಿ ನಡುರಾತ್ರಿಯಲ್ಲೂ ಕಲ್ಲಿನಂತೆ ಕೂತಿರುವುದಕ್ಕೆ ಕಾರಣ ಇಷ್ಟೇ.

ಕೆಳಬಾಗಿಲು ಮುಚ್ಚಿದ್ದಾಗಲೇ ಮೇಲಿನದು ಸಡಿಲವಾಗುವುದು ದುರದೃಷ್ಟ. ಅನ್ನನಾಳದ ಕೊನೆಯ ಸ್ನಾಯು ಜಿಡ್ಡಿನಿಂದಲೂ ಸಡಿಲುತ್ತದೆ, ಜಠರದ ಮೇಲ್ಭಾಗ ಉಬ್ಬಿದಾಗಲೂ ಆಗಾಗ ತೆರೆದುಕೊಳ್ಳುತ್ತದೆ. ಊಟವಾದ ಮೇಲೆ ಹೊಸದಾಗಿ ಸುರಿದ ಆಮ್ಲ ಆಹಾರದೊಂದಿಗೆ ಬೆರೆಯದೆ ಸ್ವಲ್ಪ ಹೊತ್ತು ಅದರ ಮೇಲೆ, ಆ ಬಾಗಿಲಿನ ಹತ್ತಿರವೇ ನಿಲ್ಲುತ್ತದೆ. ಬೆಲ್ಟ್ ಬಿಗಿದು, ಮುಂದಕ್ಕೆ ಬಾಗಿ ಕೂತವರ ಹೊಟ್ಟೆಯ ಮೇಲೆ ಒತ್ತಡ ಬಿದ್ದರೆ ಆಮ್ಲ ಮೇಲಕ್ಕೆ ಚಿಮ್ಮುತ್ತದೆ. ‘ಜೀರ್ಣವಾಗಲಿ’ ಎಂದು ಕುಡಿಯುವ ನಿಂಬೆ ಸೋಡಾದ ಗಾಳಿ ಜಠರವನ್ನು ಇನ್ನಷ್ಟು ಉಬ್ಬಿಸುತ್ತದೆ. ಜೋರಾಗಿ ತೇಗು ಬಂದಾಗ ಹಾಯೆನಿಸಿದರೂ ಅದೇ ದಾರಿಯಲ್ಲಿ ಹುಳಿಯೂ ಹತ್ತುತ್ತದೆ. ಮಲಗುವುದಾದರೆ ಎಡಮಗ್ಗುಲು ಲೇಸು. ಆ ಭಂಗಿಯಲ್ಲಿ ಆಮ್ಲ ಅನ್ನನಾಳದ ಬಾಯಿಗಿಂತ ಕೆಳಗಿರುತ್ತದೆ. ಬೆವರು ಬಂದು, ಎಡಗೈಗೋ ದವಡೆಗೋ ನೋವು ಹರಡಿದರೆ ಮಾತ್ರ ‘ಗ್ಯಾಸ್ಟ್ರಿಕ್’ ಎನ್ನುತ್ತ ಕೂರದೆ ಆಸ್ಪತ್ರೆಗೆ ಓಡಬೇಕು.

ಗ್ಯಾಸ್‌ನ ಕಥೆ ಬೇರೆ, ಅದು ಗಂಟೆಗಳ ನಂತರ ಬರುತ್ತದೆ. ಗುಂಡ್ಲುಪೇಟೆ, ಚಾಮರಾಜನಗರದ ಹೊಲಗಳ ಸಾಂಬಾರ್ ಈರುಳ್ಳಿಯಾಗಲಿ, ದಪ್ಪ ಈರುಳ್ಳಿಯಾಗಲಿ, ಎಲ್ಲದರಲ್ಲೂ ಫ್ರಕ್ಟಾನ್ ಎಂಬ ಸಕ್ಕರೆಯ ಸರಪಳಿ ಇದೆ. ಅದನ್ನು ಕತ್ತರಿಸುವ ಕಿಣ್ವ ಮನುಷ್ಯರಲ್ಲಿಲ್ಲ. ದೊಡ್ಡ ಕರುಳು ತಲುಪಿದ ಮೇಲೆ ಬ್ಯಾಕ್ಟೀರಿಯಾಗಳು ಅದನ್ನು ಹುದುಗಿಸಿ ಹೈಡ್ರೋಜನ್, ಇಂಗಾಲದ ಡೈಆಕ್ಸೈಡ್ ಉಕ್ಕಿಸುತ್ತವೆ. ಗ್ರೇವಿಯ ಮೈಯೇ ಅರೆದ ಈರುಳ್ಳಿ. ಕಣ್ಣಿಗೆ ಕಾಣದೆ ಎಷ್ಟು ತಿಂದೆವೆಂಬ ಲೆಕ್ಕವೇ ಸಿಗದು. ಉಪ್ಸಾರಿಗೂ ಇಲ್ಲಿ ಪೂರ್ತಿ ಬಿಡುಗಡೆಯಿಲ್ಲ. ಹುರುಳಿ, ಅವರೆಯ ರಾಫಿನೋಸ್ ಸಕ್ಕರೆಗಳೂ ಇದೇ ಜಾತಿಯವು, ಕಾಳು ಬೆಂದ ನೀರನ್ನೇ ನಾವು ಸಾರು ಎಂದು ಕುಡಿಯುತ್ತೇವೆ!

ಇವೆಲ್ಲ ಬರೀ ಕಿರಿಕಿರಿ. ಇನ್ನೊಂದು ಕಾಯಿಲೆ ಮರುದಿನ ಬರುತ್ತದೆ. ಬೆಳಿಗ್ಗೆಯೇ ದೊಡ್ಡ ಡಬರಿಯಲ್ಲಿ ಮಾಂಸದ ಗ್ರೇವಿ ಕುದಿಸಿ, ದಿನವಿಡೀ ಬೇಕಾದಷ್ಟು ತೆಗೆದು ಬಿಸಿ ಮಾಡಿ ಬಡಿಸುವ ಪದ್ಧತಿ ಹಲವು ಕಡೆ ಇದೆ. ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್ ಎಂಬ ಬ್ಯಾಕ್ಟೀರಿಯಾದ ಬೀಜಕಗಳು ಕುದಿಯಲ್ಲೂ ಸಾಯುವುದಿಲ್ಲ. ಕುದಿಯುವಾಗ ಆಮ್ಲಜನಕ ಹೊರಟುಹೋಗುವುದು ಅದಕ್ಕೆ ಅನುಕೂಲವೇ. ಡಬರಿಯ ಮೇಲ್ಪದರ ಆರಿದರೂ ನಡುಭಾಗ ಗಂಟೆಗಟ್ಟಲೆ 43ರಿಂದ 47 ಡಿಗ್ರಿಯಲ್ಲಿ ಬೆಚ್ಚಗಿರುತ್ತದೆ. ಅಲ್ಲಿ ಬೀಜಕಗಳಿಂದ ಮೊಳೆತ ಬ್ಯಾಕ್ಟೀರಿಯಾ ಸುಮಾರು ಹತ್ತು ನಿಮಿಷಕ್ಕೊಮ್ಮೆ ಇಮ್ಮಡಿಯಾಗುತ್ತದೆ. ನೂರು ನಿಮಿಷದಲ್ಲಿ ಒಂದು ಸಾವಿರವಾಯಿತು. ಬಡಿಸುವ ಮುನ್ನ ಕೊತಕೊತ ಕುದಿಸಿದರೆ ಹೀಗೆ ಮೊಳೆತದ್ದು ಸಾಯುತ್ತದೆ, ಬರೀ ಬೆಚ್ಚಗೆ ಮಾಡಿದರೆ ಬದುಕಿ ಒಳಗೆ ಬರುತ್ತದೆ. ಕರುಳಿನಲ್ಲಿ ಮತ್ತೆ ಬೀಜಕವಾಗುವಾಗ ವಿಷ ಬಿಡುತ್ತದೆ. ಆರರಿಂದ ಇಪ್ಪತ್ತನಾಲ್ಕು ಗಂಟೆಯಲ್ಲಿ ಹೊಟ್ಟೆ ನುಲಿತ, ಭೇದಿ. ಜ್ವರ, ವಾಂತಿ ಸಾಮಾನ್ಯವಾಗಿ ಇರುವುದಿಲ್ಲ. ಅಷ್ಟರಲ್ಲಿ ಪ್ರವಾಸಿ ಊಟಿಯಲ್ಲಿರುತ್ತಾನೆ, ಬೈಗುಳ ಅಲ್ಲಿನ ಇಡ್ಲಿಗೆ ಬೀಳುತ್ತದೆ.

ಇದನ್ನು ತಡೆಯಲು ದುಬಾರಿ ಯಂತ್ರವೇನೂ ಬೇಡ. ಒಂದೋ ಗ್ರೇವಿಯನ್ನು ದಿನವಿಡೀ 60 ಡಿಗ್ರಿಗಿಂತ ಮೇಲೆ ಬಿಸಿಯಾಗಿಡಬೇಕು. ಇಲ್ಲವೇ ಕುದಿ ಇಳಿದ ಕೂಡಲೇ ನಾಲ್ಕು ಬೆರಳು ಆಳದ ಅಗಲ ಟ್ರೇಗಳಿಗೆ ಸುರಿದು, ಎರಡು ಗಂಟೆಯೊಳಗೆ 21 ಡಿಗ್ರಿಗೆ ತಂದು ಫ್ರಿಜ್ಜಿಗಿಡಬೇಕು.