ಕಂಕು ಮತ್ತು ಯಮುನೆ

ಸಣ್ಣಕಥೆಯೊಂದು ಚಲನಚಿತ್ರವಾದಾಗ ಸಾಮಾನ್ಯವಾಗಿ ನಾವು ಕೇಳುವುದು, ಚಿತ್ರವು ಮೂಲಕ್ಕೆ ನಿಷ್ಠವಾಗಿದೆಯೇ ಎಂದು. ಇದಕ್ಕಿಂತ ಮುಖ್ಯವಾದ ಇನ್ನೊಂದು ಪ್ರಶ್ನೆಯಿದೆ. ಒಬ್ಬರೇ ಕುಳಿತು ಓದುವ ಕಥೆಯನ್ನು ಹತ್ತು ಜನ ಒಟ್ಟಿಗೆ ಕುಳಿತು ನೋಡುವಂತಾದಾಗ ಆ ಕಥೆಗೆ ಏನಾಗುತ್ತದೆ? ಗುಜರಾತಿಯ ‘ಕಂಕು’ ಚಿತ್ರವನ್ನೂ ನಮ್ಮ ‘ಘಟಶ್ರಾದ್ಧ’ವನ್ನೂ ಜೊತೆಗಿಟ್ಟು ಈ ಪ್ರಶ್ನೆಯನ್ನು ಪರಿಶೀಲಿಸಬಹುದು.

‘ಕಂಕು’ವಿನ ಮೂಲ ಲೇಖಕ ಪನ್ನಾಲಾಲ್ ಪಟೇಲರು ಕನ್ನಡಿಗರಿಗೆ ತೀರ ಅಪರಿಚಿತರಲ್ಲ. 1985ರ ಜ್ಞಾನಪೀಠ ಪ್ರಶಸ್ತಿ ಅವರಿಗೆ ಸಂದಿತ್ತು. 1996ರಲ್ಲಿ ಟಿ. ಎಸ್. ನಾಗಾಭರಣರು ನಿರ್ದೇಶಿಸಿದ ‘ಜನುಮದ ಜೋಡಿ’ಯನ್ನು ನೋಡಿದವರು ಅವರ ‘ಮಳೇಲಾ ಜೀವ್’ ಕಾದಂಬರಿಯ ಕನ್ನಡ ರೂಪವನ್ನೇ ನೋಡಿದ್ದಾರೆ. ‘ಕಂಕು’ ಅವರು 1930ರ ದಶಕದಲ್ಲಿ ಬರೆದ ಸಣ್ಣಕಥೆ. ಕಾಂತಿಲಾಲ್ ರಾಠೋಡ್ 1969ರಲ್ಲಿ ಅದನ್ನು ಕಪ್ಪು-ಬಿಳುಪಿನ ಚಿತ್ರವಾಗಿಸಿದರು. ನಾಯಕಿಯಾದ ಪಲ್ಲವಿ ಮೆಹತಾ ಶಿಕಾಗೋ ಚಿತ್ರೋತ್ಸವದಲ್ಲಿ ಶ್ರೇಷ್ಠ ನಟಿ ಎನಿಸಿದರು. ಚಿತ್ರ ಬಂದ ಮರುವರ್ಷ ಲೇಖಕರೇ ಆ ಕಥೆಯನ್ನು ಕಾದಂಬರಿಯಾಗಿ ಬೆಳೆಸಿದರು.

ಕಂಕು ಎಂದರೆ ಗುಜರಾತಿಯಲ್ಲಿ ಕುಂಕುಮ. ಆ ಹೆಸರು ಹೊತ್ತ ಹೆಣ್ಣು ಚಿಕ್ಕ ವಯಸ್ಸಿನಲ್ಲಿಯೇ ಗಂಡನನ್ನು ಕಳೆದುಕೊಳ್ಳುತ್ತಾಳೆ. ಹೊಟ್ಟೆಯಲ್ಲಿದ್ದ ಮಗುವನ್ನು ಹೆತ್ತು, ಮರುಮದುವೆಯ ಮಾತನ್ನು ದೂರವಿಟ್ಟು, ಹೊಲ ಮನೆಗಳನ್ನು ತಾನೇ ನಿಭಾಯಿಸುತ್ತಾಳೆ. ಕಷ್ಟಕಾಲದಲ್ಲಿ ಸಾಲ ಕೊಡುವವನು ಊರಿನ ಅಂಗಡಿಕಾರ ಮಲಕಚಂದ. ಇಬ್ಬರಲ್ಲಿಯೂ ಪರಸ್ಪರ ಗೌರವವಿದೆ. ಗೌರವದ ಮರೆಯಲ್ಲಿ ಆಕರ್ಷಣೆಯೂ ಇದೆ. ಮಗ ದೊಡ್ಡವನಾಗಿ ಅವನ ಮದುವೆಯ ಖರ್ಚಿಗೆ ಹಣ ಬೇಕಾದಾಗ ಆಕೆ ಮತ್ತೆ ಅದೇ ಬಾಗಿಲಿಗೆ ಹೋಗುತ್ತಾಳೆ. ವರ್ಷಗಳ ಸಂಯಮ ಒಂದು ದುರ್ಬಲ ಗಳಿಗೆಯಲ್ಲಿ ಸಡಿಲುತ್ತದೆ. ಕಂಕು ಬಸುರಾಗುತ್ತಾಳೆ.

ಈ ಕಥೆಯನ್ನು ಗ್ರಹಿಸಲು ನಮ್ಮವರಿಗೆ ಗುಜರಾತಿ ಭಾಷೆ ಬರಬೇಕಾಗಿಲ್ಲ. ಜಂಗಮಕೋಟೆ, ಶಿಡ್ಲಘಟ್ಟದ ಸೀಮೆಯಲ್ಲಿ ಮಳೆಯನ್ನು ನೆಚ್ಚಿ ರಾಗಿ ಬಿತ್ತಿದವರಿಗೆ, ರೇಷ್ಮೆಗೂಡು ಮಾರಿ ಹಣ ಕೈಸೇರುವ ತನಕ ಅಂಗಡಿಯಲ್ಲಿ ಲೆಕ್ಕ ಬರೆಸಿದವರಿಗೆ, ಮಲಕಚಂದನ ಅಂಗಡಿ ಪರಕೀಯವೆನಿಸದು. ಪುಸ್ತಕದಲ್ಲಿ ಬರೆದ ಸಾಲಕ್ಕೆ ಬಡ್ಡಿಯುಂಟು, ಗಡುವುಂಟು. ಹೊತ್ತಿಗೆ ಒದಗಿದವನ ಋಣಕ್ಕೆ ಇವೆರಡೂ ಇಲ್ಲ. ಆದ್ದರಿಂದ ಅದು ತೀರುವುದೂ ಇಲ್ಲ. ಕಂಕುವಿನ ಬಾಳು ತೊಡಕಾಗುವುದು ಇಲ್ಲಿ.

ಇನ್ನು ಯು. ಆರ್. ಅನಂತಮೂರ್ತಿಯವರ ಕಥೆಯನ್ನು ಆಧರಿಸಿ ಗಿರೀಶ ಕಾಸರವಳ್ಳಿಯವರು 1977ರಲ್ಲಿ ತೆಗೆದ ‘ಘಟಶ್ರಾದ್ಧ’. ಇದು ಅವರ ಮೊದಲ ಕಥಾಚಿತ್ರ. ರಾಷ್ಟ್ರದ ಸ್ವರ್ಣಕಮಲವನ್ನು ಪಡೆದ ಚಿತ್ರ. ಮಲೆನಾಡಿನ ಅಗ್ರಹಾರದಲ್ಲಿ ವೇದಪಾಠ ಹೇಳುವ ಉಡುಪರ ಮಗಳು ಯಮುನೆ ವಿಧವೆ. ಶಾಲೆಯ ಮಾಸ್ತರನಿಂದ ಬಸುರಾದ ಅವಳಿಗೆ ಆಸರೆಯಾಗಿ ಉಳಿಯುವವನು ಪಾಠಕ್ಕೆಂದು ಬಂದ ಬಾಲಕ ನಾಣಿ ಮಾತ್ರ. ಕೊನೆಗೆ ತಂದೆಯೇ ಮಡಕೆಯೊಡೆದು, ಬದುಕಿರುವ ಮಗಳಿಗೆ ಶ್ರಾದ್ಧ ಮಾಡುತ್ತಾನೆ.

ಎರಡು ಕಥೆಗಳ ಬೀಜ ಒಂದೇ. ಊರು ಕೊಟ್ಟ ತೀರ್ಪು ಮಾತ್ರ ಬೇರೆ. ಕಂಕುವಿನ ಊರು ಅವಸರದಲ್ಲಿ ಆಕೆಯನ್ನು ಮತ್ತೊಬ್ಬನಿಗೆ ಮದುವೆ ಮಾಡಿಕೊಡುತ್ತದೆ. ಇದಕ್ಕೆ ಕಾರಣ ಜಾತಿಗಳ ಪದ್ಧತಿ. ವಿಧವಾ ವಿವಾಹಕ್ಕೆ ಕಾನೂನು ಅನುಮತಿ ಕೊಟ್ಟದ್ದು 1856ರಲ್ಲಿ. ಅದಕ್ಕೂ ಮೊದಲೇ ಒಕ್ಕಲು ಜಾತಿಗಳು ಅನೇಕ ಕಡೆ ತಮ್ಮದೇ ದಾರಿ ಮಾಡಿಕೊಂಡಿದ್ದವು. ಗುಜರಾತಿನಲ್ಲಿ ಅದನ್ನು ನಾತರೂ ಎಂದರು. ನಮ್ಮ ಕಡೆ ಕೂಡಿಕೆ, ಸೀರುಡಿಕೆ ಎಂದರು. ಅಗ್ರಹಾರಕ್ಕೆ ಅಂಥ ದಾರಿಯಿರಲಿಲ್ಲ. ಹಾಗೆಂದು ಒಂದು ಊರನ್ನು ಉದಾರವೆಂದೂ ಇನ್ನೊಂದನ್ನು ಕ್ರೂರವೆಂದೂ ಕರೆದು ಸುಮ್ಮನಾಗುವಂತಿಲ್ಲ. ಅಲ್ಲಿ ಹೊಣೆ ಹೊರಬೇಕಾದವನು ಮಲಕಚಂದ, ತಾಳಿ ಕಟ್ಟುವವನು ಇನ್ನೊಬ್ಬ. ಇಲ್ಲಿ ಮಾಸ್ತರ ಊರು ಬಿಟ್ಟು ಪಾರಾಗುತ್ತಾನೆ. ಮಗಳ ಶ್ರಾದ್ಧ ಮಾಡಿದ ಮುದಿ ತಂದೆ ತಾನೇ ಎಳೆಯ ಹುಡುಗಿಯೊಬ್ಬಳನ್ನು ಮದುವೆಯಾಗಲು ಹೊರಡುತ್ತಾನೆ. ಎರಡು ಕಡೆಯೂ ಊರು ಕಾಪಾಡಿಕೊಂಡದ್ದು ತನ್ನ ಮುಖವನ್ನು. ನಿನಗೇನು ಬೇಕೆಂದು ಆ ಹೆಣ್ಣನ್ನು ಯಾರೂ ಕೇಳಲಿಲ್ಲ.

ಮೊದಲ ಪ್ರಶ್ನೆಗೆ ಈಗ ಬರಬಹುದು. ಕಥೆಯನ್ನು ಓದುವಾಗ ನಾವು ಕಂಕುವಿನ ಪಕ್ಕದಲ್ಲಿ, ನಾಣಿಯ ಪಕ್ಕದಲ್ಲಿ ಗುಟ್ಟಾಗಿ ನಿಂತಿರುತ್ತೇವೆ. ನಮ್ಮ ಮರುಕಕ್ಕೆ ಸಾಕ್ಷಿಗಳಿಲ್ಲ; ಪುಸ್ತಕ ಮುಚ್ಚಿ ಪಂಚಾಯ್ತಿಯ ಕಟ್ಟೆಗೆ ಹೋದರೆ ಅಲ್ಲಿ ಹತ್ತು ಜನರಂತೆಯೇ ಮಾತನಾಡಬಹುದು. ಚಿತ್ರಮಂದಿರದಲ್ಲಿ ಈ ಅನುಕೂಲವಿಲ್ಲ. ಅರಳಿಕಟ್ಟೆಯ ಮೇಲೆ ತೀರ್ಪು ಹೇಳುವ ಜನರೇ ಅಲ್ಲಿ ಸಾಲಾಗಿ ಕುಳಿತಿರುತ್ತಾರೆ. ತಲೆ ಬೋಳಿಸಿಕೊಂಡು ಮರದಡಿ ಒಂಟಿಯಾಗಿ ಕುಳಿತ ಯಮುನೆಯನ್ನು ಎಲ್ಲರೂ ಒಟ್ಟಿಗೆ ನೋಡಬೇಕು. ತಾನು ನೋಡಿದ್ದನ್ನು ಪಕ್ಕದವನೂ ನೋಡಿದ್ದಾನೆಂದು ತಿಳಿಯಬೇಕು.

‘ಘಟಶ್ರಾದ್ಧ’ದ ಪುನರುದ್ಧಾರಗೊಂಡ ಪ್ರತಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಪ್ರದರ್ಶನ ಕಂಡಿತು. ಇದು ಸಂತೋಷದ ಸಂಗತಿ. ಆದರೆ ಯಮುನೆಯನ್ನೂ ಕಂಕುವನ್ನೂ ಮೊದಲು ನೋಡಬೇಕಾದವರು ನಮ್ಮ ಊರುಗಳ ಜನ. ಇಂಥ ಚಿತ್ರಗಳನ್ನು ಅವರ ಮುಂದೆ ತೋರಿಸಿ, ದೀಪ ಹತ್ತಿದ ಮೇಲೆ ಎದ್ದು ಹೋಗದೆ ಕುಳಿತು ಮಾತನಾಡುವಂತೆ ಮಾಡಬಲ್ಲ ಸಾಹಿತ್ಯ ಸಂಘವೊಂದು ಪ್ರತಿ ಹೋಬಳಿಯಲ್ಲಿಯೂ ಇದ್ದರೆ ಕಥೆಗಾರನ ಕೆಲಸ ಸಾರ್ಥಕವಾದೀತು.