ಈಟನ್‌ನ ಗೋಡೆ ಆಟ

ನೂರು ವರ್ಷ ದಾಟಿದರೂ
ಒಂದೇ ಒಂದು ಗೋಲ್ ಬೀಳದ ಪಂದ್ಯ...
ಕೇಳಿದ್ದೀರಾ?

ಇಂಗ್ಲೆಂಡಿನ ಈಟನ್ ಕಾಲೇಜು.
ಹೆಸರಿಗೆ ಕಾಲೇಜು, ಇರೋದು ಹುಡುಗರ ವಸತಿ ಶಾಲೆ.
ಬ್ರಿಟನ್ನಿನ 20 ಪ್ರಧಾನಿಗಳು ಓದಿದ್ದು ಇಲ್ಲೇ.
ಹದಿಮೂರು ವರ್ಷದ ಹುಡುಗನೂ
ಹಿಂದೆ ಬಾಲ ಇಳಿಬಿಟ್ಟ ಕಪ್ಪು ಕೋಟು ತೊಟ್ಟೇ ಪಾಠಕ್ಕೆ ಹೋಗ್ತಾನೆ.

ಈಗ ಈ ಶಾಲೆಯ ಇಟ್ಟಿಗೆ ಗೋಡೆ ನೋಡಿ.
ಉದ್ದ ಸುಮಾರು 110 ಮೀಟರ್.
ಇದಕ್ಕೆ ಅಂಟಿದ ಐದು ಮೀಟರ್ ಅಗಲದ ಪಟ್ಟಿ,
ಅಷ್ಟೇ ಮೈದಾನ!
ಎರಡೂ ತಂಡ ಗೋಡೆಗೆ ಒತ್ತಿಕೊಂಡು ತಳ್ಳಾಡ್ತವೆ.
ಚೆಂಡು ಎಲ್ಲೋ ಕಾಲಡಿ, ಕೆಸರಲ್ಲಿ.

ಹಬ್ಬದ ಹಿಂದಿನ ದಿನ, ಮೆಜೆಸ್ಟಿಕ್ಕಿನಲ್ಲಿ,
ಬಸ್ಸಿನ ಒಂದೇ ಬಾಗಿಲಲ್ಲಿ
ಇಳಿಯೋರೂ ಹತ್ತೋರೂ ಒಟ್ಟಿಗೆ ನುಗ್ಗಿದ ಹಾಗೆ.
ಬಲ ಪೂರ್ತಿ ಹಾಕ್ತಾರೆ,
ಯಾರೂ ಒಂದಿಂಚು ಕದಲೋದಿಲ್ಲ.

ವರ್ಷದ ದೊಡ್ಡ ಪಂದ್ಯ ನವೆಂಬರ್ ಕೊನೆಗೆ,
ಸಂತ ಆಂಡ್ರ್ಯೂ ಹಬ್ಬಕ್ಕೆ.
ಆ ಪಂದ್ಯದಲ್ಲಿ ಕೊನೆಯ ಗೋಲ್ ಬಿದ್ದಿದ್ದು 1909ರಲ್ಲಿ!

ಆದರೆ ನನಗೆ ಗೋಲಿಗಿಂತ ಮುಖ್ಯ,
ಆಡೋರು ಯಾರು ಅನ್ನೋದು.
1440ರಲ್ಲಿ ಆರನೇ ಹೆನ್ರಿ ರಾಜ ಈ ಶಾಲೆ ಕಟ್ಟಿಸಿದಾಗ
70 ಬಡ ಹುಡುಗರಿಗೆ ಉಚಿತ ಓದು ಅಂತ ಗೊತ್ತುಮಾಡಿದ.
ಆಮೇಲೆ ಶ್ರೀಮಂತರ ಮಕ್ಕಳು ತುಂಬಿದರು.
ಇವತ್ತೂ ಆ 70 ಸ್ಥಾನ ಇವೆ.
ಕಠಿಣ ಪರೀಕ್ಷೆ ಗೆದ್ದವರಿಗೆ ಮಾತ್ರ.
ಅವರಿಗೆ ಬೇರೆ ವಸತಿ, ಕೋಟಿನ ಮೇಲೊಂದು ಕಪ್ಪು ಗೌನು.

ಗೋಡೆ ಪಂದ್ಯದಲ್ಲಿ ಒಂದು ಕಡೆ ಈ 70 ಜನರ ತಂಡ.
ಎದುರಿಗೆ,
ಉಳಿದ ಸಾವಿರಕ್ಕೂ ಹೆಚ್ಚು ಹುಡುಗರಿಂದ ಆರಿಸಿದ ತಂಡ.
ಎಷ್ಟೋ ಸಲ ಚಿಕ್ಕ ಗುಂಪೇ ಸರಿಸಮ ನಿಲ್ಲುತ್ತೆ.
ನನಗಂತೂ ಅದು ನಿಜವಾದ ಸಾಹಸ.

ಒಂದು ಕಾಲಕ್ಕೆ ಆ 70ರಲ್ಲಿ ಒಬ್ಬ,
ನಮ್ಮ ಬಿಹಾರದ ಮೋತಿಹಾರಿಯಲ್ಲಿ ಹುಟ್ಟಿದ ಹುಡುಗ.
ಎರಿಕ್ ಬ್ಲೇರ್.
ಮುಂದೆ ಜಾರ್ಜ್ ಆರ್ವೆಲ್ ಹೆಸರಲ್ಲಿ
'ಅನಿಮಲ್ ಫಾರ್ಮ್' ಬರೆದವರು ಇವರೇ.